ಕೊಟ್ಟಿಗೆಯಲ್ಲೊಂದು ಮಕ್ಕಳ ಟಿವಿ ಕಂಪನಿ: ನಮ್ಮದು, ಕೆಂಟ್‌ನವರದು

ನಮ್ಮ ಮಕ್ಕಳ ಗೊಂಬೆ ಸರಣಿಯ ಇಪ್ಪತ್ತಾರು ಕಂತು ಮುಗಿದವು. ಒಂದೊಂದೂ ಐದು ನಿಮಿಷ. ರಟ್ಟು, ದಾರ, ಅಂಟು, ಹಳೇ ಕ್ಯಾಮೆರಾ ಒಂದು, ಚಿಕ್ಕಪ್ಪನ ಗಂಟಲು ಒಂದು. ಇಷ್ಟರಲ್ಲೇ ಮಾಡಿದ್ದು. ಹಾಕಿದ ದುಡ್ಡು ವಾಪಸ್ ಬಂದಿದೆ, ಮೇಲೆ ಸ್ವಲ್ಪ ಉಳಿದೂ ಇದೆ. ‘ಈ ಕಾಲದ ಮಕ್ಕಳು ಇದನ್ನ ಯಾರು ನೋಡ್ತಾರೆ ಮಾರಾಯ, 3ಡಿ ಮಾಡು’ ಅಂದವರೆಲ್ಲ ಈಗ ಫೋನ್ ಮಾಡಿ ಲೈಟ್ ಎಲ್ಲಿ ತಗೊಂಡೆ, ಲೆನ್ಸ್ ಯಾವುದು ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ. ಸ್ಟಾಪ್ ಮೋಷನ್ ಅಂದರೆ ಗೊಂಬೆಯನ್ನು ಚೂರು ಚೂರೇ ಸರಿಸಿ, ಒಂದೊಂದೇ ಫೋಟೊ ತೆಗೆದು, ಸಾಲಾಗಿ ಓಡಿಸೋದು; ಅದರ ಪಾಠ, ಅದಕ್ಕೆ ಬಳಸೋ ಡ್ರ್ಯಾಗನ್‌ಫ್ರೇಮ್ ಸಾಫ್ಟ್‌ವೇರ್ ಓಡಿಸೋದು, ಇದೆಲ್ಲ ಬೇರೆ ಕಡೆ ಸಿಗುತ್ತೆ. ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ.

ಈ ದಾರಿ ನಮ್ಮ ತಲೆಯಿಂದ ಬಂದದ್ದಲ್ಲ. ಇಂಗ್ಲೆಂಡಿನ ಸ್ಮಾಲ್‌ಫಿಲ್ಮ್ಸ್ ಅನ್ನೋ ಕಂಪನಿಯಿಂದ ಕದ್ದದ್ದು. ಕಂಪನಿ ಅಂದರೆ ಇಬ್ಬರೇ. ಆಲಿವರ್ ಪೋಸ್ಟ್‌ಗೇಟ್ ಕಥೆ ಬರೆಯುತ್ತಿದ್ದ, ಕ್ಯಾಮೆರಾ ಹಿಡಿಯುತ್ತಿದ್ದ, ಧ್ವನಿಯನ್ನೂ ತಾನೇ ಕೊಡುತ್ತಿದ್ದ. ಪೀಟರ್ ಫರ್ಮಿನ್ ಚಿತ್ರ ಬರೆಯುತ್ತಿದ್ದ, ಗೊಂಬೆ ಮಾಡುತ್ತಿದ್ದ. 1959ರಲ್ಲಿ ಶುರು ಮಾಡಿದರು. ಜಾಗ ಯಾವುದು ಗೊತ್ತಾ? ಕೆಂಟ್ ಕೌಂಟಿಯ ಕ್ಯಾಂಟರ್‌ಬರಿ ಹತ್ತಿರ ಬ್ಲೀನ್ ಅನ್ನೋ ಹಳ್ಳಿ. ಅಲ್ಲಿ ಫರ್ಮಿನ್ ಮನೆಯ ಖಾಲಿ ಬಿದ್ದ ದನದ ಕೊಟ್ಟಿಗೆ. ಅಲ್ಲಿ ಕೂತು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಬ್ರಿಟನ್ನಿನ ಮಕ್ಕಳಿಗೆ ಟಿವಿ ಕಾರ್ಯಕ್ರಮ ಮಾಡಿಕೊಟ್ಟರು. ಇದನ್ನು ಓದಿದ ದಿನ ನಾನು ನಮ್ಮ ಕೊಟ್ಟಿಗೆ ಕಡೆ ನೋಡಿದೆ. ಶಿರಸಿ ಸೀಮೆಯಲ್ಲಿ ಈಗ ಎಷ್ಟು ಕೊಟ್ಟಿಗೆಯಲ್ಲಿ ದನ ಇದೆ ಹೇಳಿ. ನಮ್ಮದರಲ್ಲಿ ಆಗ ಇದ್ದದ್ದು ಹಳೇ ಸ್ಪ್ರೇ ಪಂಪು, ಗೋಣಿಚೀಲ, ಒಂದು ಮುರಿದ ಮಂಚ.

ನನ್ನ ಪಾಲುದಾರರು ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು. ನಾನು ಬೆಂಗಳೂರಲ್ಲಿ ಜಾಹೀರಾತು ಕಂಪನಿಗಳಿಗೆ ಎಡಿಟಿಂಗ್ ಮಾಡಿಕೊಂಡಿದ್ದವನು, ತೋಟ ನೋಡಿಕೊಳ್ಳೋಕೆ ಅಂತ ಊರಿಗೆ ಬಂದೆ. ‘ಮೇಷ್ಟ್ರೇ, ಇಬ್ಬರೇ ಸಾಕಂತೆ’ ಅಂದೆ. ‘ಆ ಇಬ್ಬರು ಯಾರು ಅಂತ ಮೊದಲು ಹೇಳು’ ಅಂದರು.

ಮೊದಲು ನಾವು ಮಾಡಿದ್ದು ಅಯಸ್ಕಾಂತದ ಪ್ರಯೋಗ. ಇದಕ್ಕೂ ಒಂದು ಹಿನ್ನೆಲೆ ಇದೆ. ಸ್ಮಾಲ್‌ಫಿಲ್ಮ್ಸ್ ಶುರುವಾಗೋ ಮೊದಲು ಪೋಸ್ಟ್‌ಗೇಟ್ ಲಂಡನ್ನಿನ ಒಂದು ಟಿವಿ ಕಂಪನಿಯಲ್ಲಿ ಸ್ಟೇಜ್ ಮ್ಯಾನೇಜರ್. ಅಲ್ಲಿ ಒಂದು ಇಲಿಯ ಕಥೆ ಮಾಡಿದ. ಮೇಜಿನ ಮೇಲೆ ಚಿತ್ರ ಹಾಸಿ, ರಟ್ಟಿನ ಇಲಿಗಳಿಗೆ ಅಯಸ್ಕಾಂತ ಅಂಟಿಸಿ, ಮೇಜಿನ ಕೆಳಗಿಂದ ಇನ್ನೊಂದು ಅಯಸ್ಕಾಂತದಲ್ಲಿ ಎಳೆಯೋದು. ಅದೂ ಲೈವ್! ಅದರ ಚಿತ್ರ ಬರೆಯೋಕೆ ಕಲಾಶಾಲೆಯಲ್ಲಿ ಪಾಠ ಮಾಡುತ್ತಿದ್ದ ಫರ್ಮಿನ್‌ನನ್ನು ಹುಡುಕಿ ತಂದದ್ದು. ಹಾಗೆ ಇಬ್ಬರೂ ಸೇರಿದ್ದು. ಲೈವ್‌ನಲ್ಲಿ ಇಲಿಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಆಮೇಲೆ ಕಿವುಡ ಮಕ್ಕಳಿಗಾಗಿ ಮಾತಿಲ್ಲದ ಒಂದು ಚೀನೀ ಕಥೆ ಮಾಡುವಾಗ ಪೋಸ್ಟ್‌ಗೇಟ್ ಒಂದೊಂದೇ ಫ್ರೇಮ್ ತೆಗೆಯೋ ದಾರಿಗೆ ಬಂದ.

ನಾವು ಅಂದುಕೊಂಡೆವು, ಈಗ ನಿಯೋಡಿಮಿಯಮ್ ಅಯಸ್ಕಾಂತ ಸಿಗುತ್ತಲ್ಲ, ಅವರಿಗೆ ಆಗದ್ದು ನಮಗೆ ಆಗಬಹುದು ಅಂತ. ಒಂದು ಡಬ್ಬಿ ತರಿಸಿದೆವು, ಸಾವಿರದ ಚಿಲ್ಲರೆ ರೂಪಾಯಿ. ನಮ್ಮ ಕಥೆಯಲ್ಲಿ ಹಳ್ಳ ದಾಟೋ ಒಂದು ಸಂಕ ಇದೆ, ಮಂಗ ಒಂದು ಕಡೆಯಿಂದ, ಕೆಂಬೂತ ಇನ್ನೊಂದು ಕಡೆಯಿಂದ ಅಲ್ಲಿಗೆ ಬರಬೇಕು. ಎರಡೂ ಎರಡಿಂಚು ದೂರ ಇರುವಾಗಲೇ ಟಪ್ ಅಂತ ಹಾರಿ ಒಂದಕ್ಕೊಂದು ಅಂಟಿಕೊಂಡವು. ಬಿಡಿಸೋಕೆ ಹೋದರೆ ಕೆಂಬೂತದ ರೆಕ್ಕೆ ಕಿತ್ತುಬಂತು. ಮೇಷ್ಟ್ರು ಎರಡು ದಿನ ಕೂತು ಬಣ್ಣ ಹಚ್ಚಿದ ರೆಕ್ಕೆ ಅದು. ಆ ಅಯಸ್ಕಾಂತಗಳು ಈಗ ನಮ್ಮ ಮನೆ ಫ್ರಿಜ್ ಮೇಲೆ ಅಡಿಕೆ ಸೊಸೈಟಿ ಚೀಟಿ ಹಿಡಿದುಕೊಂಡಿವೆ.

ಆಮೇಲೆ ಸೀದಾ ಕಟ್‌ಔಟ್‌ಗೆ ಇಳಿದೆವು, ಅಂದರೆ ರಟ್ಟು ಕತ್ತರಿಸಿ ಮಾಡಿದ ಚಪ್ಪಟೆ ಗೊಂಬೆಗಳನ್ನು ಮಲಗಿಸಿ ಮೇಲಿಂದ ಫೋಟೊ ತೆಗೆಯೋದು. ಸ್ಮಾಲ್‌ಫಿಲ್ಮ್ಸ್‌ನವರೂ ಶುರು ಮಾಡಿದ್ದು ಅದರಲ್ಲೇ. ವೇಲ್ಸ್‌ನ ಬೆಟ್ಟಗಳಲ್ಲಿ ಓಡೋ ಒಂದು ಪುಟ್ಟ ಉಗಿಬಂಡಿ, ಹೆಸರು ಐವರ್. ಅದಕ್ಕೆ ಊರಿನ ಹಾಡಿನ ಮೇಳದಲ್ಲಿ ಸೇರಿ ಹಾಡೋ ಆಸೆ. 1959ರಲ್ಲಿ ಕಪ್ಪು ಬಿಳುಪಿನಲ್ಲಿ ಬಂತು, 1970ರ ದಶಕದಲ್ಲಿ ಬಿಬಿಸಿಗೆ ಅದನ್ನೇ ಬಣ್ಣದಲ್ಲಿ ಮತ್ತೆ ಮಾಡಿಕೊಟ್ಟರು. ಎಲ್ಲ ರಟ್ಟು. ಆ ಉಗಿಬಂಡಿಯ ಸದ್ದು ಕೂಡ ಪೋಸ್ಟ್‌ಗೇಟ್ ಬಾಯಲ್ಲೇ ಮಾಡಿದ್ದು. ಯಂತ್ರದ ಸದ್ದು ರೆಕಾರ್ಡ್ ಮಾಡೋಕೆ ಅಲೆದಿಲ್ಲ. ಸಿಂಗಲ್ ಫ್ರೇಮ್ ಬೀಳೋಕೆ ತನ್ನ 16 ಎಂಎಂ ಕ್ಯಾಮೆರಾಕ್ಕೆ ಮಕ್ಕಳು ಜೋಡಿಸಿ ಆಡೋ ಮೆಕ್ಯಾನೊ ಸೆಟ್ಟಿನ ತುಂಡುಗಳನ್ನು ಕಟ್ಟಿಕೊಂಡಿದ್ದ. ಹೀಗೆ ದಿನಕ್ಕೆ ಎರಡು ನಿಮಿಷದಷ್ಟು ಚಿತ್ರ ತೆಗೆಯುತ್ತಿದ್ದರು ಅಂತ ಲೆಕ್ಕ. ದೊಡ್ಡ ಸ್ಟುಡಿಯೊದವರು ದಿನಕ್ಕೆ ಕೆಲವು ಸೆಕೆಂಡು ತೆಗೆದರೆ ಹಬ್ಬ. ನಾವು ಚೆನ್ನಾಗಿ ನಡೆದ ದಿನ ನಲವತ್ತೈದು, ಐವತ್ತು ಸೆಕೆಂಡು ಮಾಡಿದ್ದೇವೆ. ಎರಡು ನಿಮಿಷ ನಮ್ಮ ಕೈಯಲ್ಲಿ ಆಗಿಲ್ಲ. ಆದರೆ ಬೆಂಗಳೂರಲ್ಲಿ ನನಗೆ ಗೊತ್ತಿರೋ ಯಾವ ಹುಡುಗರೂ ನಮ್ಮಷ್ಟು ಮಾಡಿಲ್ಲ. ಇದನ್ನು ಸುಮ್ನೆ ಹೇಳ್ತಿಲ್ಲ, ಬಂದು ನೋಡಬಹುದು.

ಅಷ್ಟು ಹೇಗೆ ಆಗುತ್ತೆ ಅಂದರೆ, ಮೊದಲು ಧ್ವನಿ, ಆಮೇಲೆ ಚಿತ್ರ. ಕಥೆ ಪೂರ್ತಿ ರೆಕಾರ್ಡ್ ಆಗಿ, ಎಡಿಟ್ ಆಗಿ, ಫ್ರೇಮ್ ಲೆಕ್ಕದಲ್ಲಿ ಕಾಗದಕ್ಕೆ ಇಳಿದ ಮೇಲೆ ಮಾತ್ರ ಕ್ಯಾಮೆರಾ ಮುಟ್ಟೋದು. ಹೇಳುವವನ ಮಾತಿನಲ್ಲಿ ಜೀವ ಇದ್ದರೆ ಗೊಂಬೆ ಸುಮ್ಮನೆ ನಿಂತಿರಬಹುದು. ನಮ್ಮ ಕಂತುಗಳಲ್ಲಿ ಸುಮಾರು ಅರ್ಧದಷ್ಟು ಹೊತ್ತು ಪಾತ್ರಗಳು ನಿಂತೇ ಇರುತ್ತವೆ. ಕಣ್ಣು ಮಿಟುಕಿಸುತ್ತವೆ, ಕತ್ತು ತಿರುಗಿಸುತ್ತವೆ, ಅಷ್ಟೇ. ಪರದೆ ಮೇಲೆ ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್ ಓಡುತ್ತೆ, ಅದರಲ್ಲಿ ಎರಡೆರಡು ಫ್ರೇಮಿಗೆ ಒಂದೇ ಫೋಟೊ, ಕೆಲವು ಕಡೆ ಮೂರಕ್ಕೆ ಒಂದು. ಐದು ನಿಮಿಷಕ್ಕೆ ಲೆಕ್ಕದ ಪ್ರಕಾರ 3,700 ಚಿಲ್ಲರೆ ಫೋಟೊ ಬೇಕು. ನಾವು ತೆಗೆದದ್ದು 1,500ರ ಆಸುಪಾಸು. ನಿಂತದ್ದನ್ನು ಯಾಕೆ ಮತ್ತೆ ಮತ್ತೆ ತೆಗೀಬೇಕು?

ಕಣ್ಣು ಮಿಟುಕಿಸೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳೋದಿಲ್ಲ. ಮೇಷ್ಟ್ರ ಕೈಕೆಲಸ ಅದು. ಎರಡು ರೂಪಾಯಿ ಖರ್ಚಿಲ್ಲ ಅಂತ ಮಾತ್ರ ಹೇಳಬಲ್ಲೆ.

ನಮ್ಮ ಕಥೆ ಪೂರ್ತಿ ನಡೆಯೋದು ಒಂದು ಕಾಲುಸಂಕದ ಹತ್ತಿರ. ಹಳ್ಳದ ಮೇಲೆ ಎರಡು ಅಡಿಕೆ ಮರ ಅಡ್ಡ ಹಾಕಿ, ಕೈಗೆ ಒಂದು ಬಳ್ಳಿ ಕಟ್ಟಿದ ಸಂಕ. ಪ್ರತಿ ಕಂತಿನಲ್ಲಿ ಯಾರೋ ಒಬ್ಬರು ದಾಟೋಕೆ ಬರುತ್ತಾರೆ. ಬಳೆಗಾರ, ಹೋರಿ ಕರು, ಹೆದರಿದ ಮೊಲ, ಚುನಾವಣೆ ಪೆಟ್ಟಿಗೆ ಹೊತ್ತವರು. ಸಂಕ ಒಂದೇ, ಹಳ್ಳ ಒಂದೇ, ಈ ಕಡೆ ಮಂಗ, ಆ ಕಡೆ ಕೆಂಬೂತ. ಸೆಟ್ ಒಂದೇ ಆದ್ದರಿಂದ ಖರ್ಚು ಒಂದೇ ಸಲ. ಹೊಸಬರಿಗೆ ಇದೊಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ಕಥೆ ಬರೆಯೋ ಮೊದಲು ಸೆಟ್ ಎಷ್ಟು ಅಂತ ಎಣಿಸಿ.

ಈಗ ಸೋತ ಕಥೆಗೆ ಬರೋಣ. ಮೊದಲನೇದು ಮಳೆ. ಜೂನ್‌ನಲ್ಲಿ ಶುರು ಮಾಡಿದೆವು, ಯಾಕೆಂದರೆ ತೋಟದ ಕೆಲಸ ಕಡಿಮೆ ಅನ್ನೋ ಲೆಕ್ಕ. ಮಲೆನಾಡಿನ ಮಳೆಯಲ್ಲಿ ರಟ್ಟು ರಟ್ಟಾಗಿ ಉಳಿಯೋದಿಲ್ಲ. ಬೆಳಿಗ್ಗೆ ನೆಟ್ಟಗೆ ಮಲಗಿದ್ದ ಮಂಗ ಮಧ್ಯಾಹ್ನಕ್ಕೆ ಹಪ್ಪಳದ ಹಾಗೆ ಅಂಚು ಎತ್ತಿಕೊಂಡಿರುತ್ತಿತ್ತು. ಅಂಚು ಎದ್ದರೆ ನೆರಳು ಬೀಳುತ್ತೆ, ನೆರಳು ಪ್ರತಿ ಫ್ರೇಮಿನಲ್ಲಿ ಕುಣಿಯುತ್ತೆ. ಮೇಲೆ ಗಾಜು ಒತ್ತಿದರೆ ಗಾಜಿನಲ್ಲಿ ನನ್ನದೇ ಮುಖ. ಕಪ್ಪು ಅಂಗಿ ಹಾಕಿಕೊಂಡು, ಕ್ಯಾಮೆರಾಕ್ಕೆ ಕಪ್ಪು ಬಟ್ಟೆ ಸುತ್ತಿ ಆ ಪ್ರತಿಬಿಂಬವನ್ನೇನೋ ತೆಗೆದೆವು. ಆದರೆ ಗಾಜು ಎತ್ತುವಾಗ ತೇವದ ರಟ್ಟು ಗಾಜಿಗೇ ಅಂಟಿಕೊಂಡು ಮೇಲೆ ಬಂತು. ಅಷ್ಟು ಹೊತ್ತಿನ ಕೆಲಸ ಹಳ್ಳ ಸೇರಿತು.

ರಟ್ಟಿಗೆ ಎರಡೂ ಕಡೆ ಕಾಗದ ಅಂಟಿಸಬೇಕು, ಒಂದೇ ಕಡೆ ಅಂಟಿಸಿದರೆ ಸೊಟ್ಟ ಆಗೇ ಆಗುತ್ತೆ. ಇದು ನಿಮಗೂ ಗೊತ್ತು. ಅದರ ಮೇಲೆ ನಾವು ಒಂದು ಲೇಪ ಹಚ್ಚುತ್ತೇವೆ. ಅದು ಏನು ಅನ್ನೋದು ಸದ್ಯಕ್ಕೆ ನಮ್ಮ ಹತ್ತಿರವೇ ಇರಲಿ. ಅಂಟಿನ ಗುಟ್ಟು ಬೇಕಾದರೆ ಹೇಳುತ್ತೇನೆ. ಮೈದಾ ಅಂಟು ಅಗ್ಗ, ಚೆನ್ನಾಗಿ ಹಿಡಿಯುತ್ತೆ, ಆದರೆ ಜಿರಳೆಗೆ ಹಬ್ಬದೂಟ. ಒಂದು ರಾತ್ರಿಯಲ್ಲಿ ಬಳೆಗಾರನ ಮೂಗು ತಿಂದು ಮುಗಿಸಿದ್ದವು. ಹಳೇ ಬುಕ್ ಬೈಂಡಿಂಗ್‌ನವರು ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ನಮ್ಮಲ್ಲಿ ಮೈಲುತುತ್ತಕ್ಕೇನು ಬರ? ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಪ್ರತಿ ಮನೆಯಲ್ಲೂ ಚೀಲ ಇರುತ್ತೆ. ಅಂದಿನಿಂದ ಜಿರಳೆ ಹತ್ತಿರ ಸುಳಿದಿಲ್ಲ. ವಿಷ ಅದು, ಗ್ಲೌಸ್ ಹಾಕಿಕೊಳ್ಳಿ, ಮಕ್ಕಳ ಕೈಗೆ ಆ ಗೊಂಬೆ ಕೊಡಬೇಡಿ.

ಕೊನೆಗೆ ಮಳೆಯ ಜೊತೆ ಜಗಳ ಬಿಟ್ಟೆವು. ಶೂಟಿಂಗ್ ನವೆಂಬರ್‌ನಿಂದ ಮೇ ವರೆಗೆ ಮಾತ್ರ. ಹೀಗೆ ಎರಡು ಬೇಸಿಗೆ ಹಿಡಿಯಿತು.

ಎರಡನೇ ಸೋಲು ಫ್ಲಿಕ್ಕರ್. ಮೊದಲ ಕಂತು ಓಡಿಸಿ ನೋಡಿದರೆ ಸಂಕದ ಮೇಲೆ ಮಿಂಚು ಹೊಡೆದ ಹಾಗೆ ಬೆಳಕು ಕುಣಿಯುತ್ತಿತ್ತು. ಕ್ಯಾಮೆರಾ ತಾನಾಗೇ ಏನೂ ಬದಲಿಸದ ಹಾಗೆ ಎಲ್ಲ ಮ್ಯಾನ್ಯುಯಲ್ ಇಟ್ಟಿದ್ದೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್, ಎಲ್ಲ. ಎರಡು ಕಾರಣ ಇದ್ದವು, ಎರಡೂ ಸೇರಿ ಆಟ ಆಡಿಸುತ್ತಿದ್ದವು. ಒಂದು ಲೆನ್ಸ್. ಈಗಿನ ಎಲೆಕ್ಟ್ರಾನಿಕ್ ಲೆನ್ಸುಗಳು ಪ್ರತಿ ಫೋಟೊಗೂ ಅಪರ್ಚರ್, ಅಂದರೆ ಬೆಳಕು ಬಿಡೋ ಕಿಂಡಿ, ಮುಚ್ಚಿ ತೆರೆಯುತ್ತವೆ, ಪ್ರತಿ ಸಲ ಕೂದಲೆಳೆ ವ್ಯತ್ಯಾಸ. ಫೋಟೊ ತೆಗೆಯುವವರಿಗೆ ಅದು ಲೆಕ್ಕಕ್ಕಿಲ್ಲ, ನಮಗೆ ಅದೇ ಪ್ರಾಣ. ಕ್ಯಾನನ್ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಹಳೇ ನಿಕಾನ್ ಮ್ಯಾನ್ಯುಯಲ್ ಲೆನ್ಸ್ ಕೂರಿಸಿದೆ. ಅಪರ್ಚರ್ ರಿಂಗು ತಿರುಗಿಸಿ ಬಿಟ್ಟರೆ ಅಲ್ಲೇ ಇರುತ್ತೆ. ಸೆಕೆಂಡ್ ಹ್ಯಾಂಡ್ ಲೆನ್ಸಿಗೆ ಐದಾರು ಸಾವಿರ, ಕ್ಯಾಮೆರಾಕ್ಕೆ ಇಪ್ಪತ್ತೆಂಟು ಸಾವಿರ ಕೊಟ್ಟ ನೆನಪು.

ಇನ್ನೊಂದು ಕಾರಣ ನಮ್ಮ ಕರೆಂಟು. ಪಕ್ಕದ ಮನೆಯವರು ಪಂಪ್‌ಸೆಟ್ ಹಾಕಿದರೆ ನಮ್ಮ ಲೈಟು ತಲೆ ತಗ್ಗಿಸುತ್ತೆ. ಸ್ಟೆಬಿಲೈಸರ್ ತಂದೆವು, ಸಾಕಾಗಲಿಲ್ಲ. ಒಂದು ದಿನ ಮೇಷ್ಟ್ರೇ ಅಂದರು, ‘ಇನ್ವರ್ಟರ್ ಬ್ಯಾಟರಿ ಇದೆಯಲ್ಲೋ, ಅದರಿಂದಲೇ ಎಳಿ.’ ಇನ್ವರ್ಟರ್ ಬಿಟ್ಟು, ಬ್ಯಾಟರಿಯಿಂದ ನೇರ 12 ವೋಲ್ಟ್ ಡಿಸಿ ತೆಗೆದು ಎಲ್‌ಇಡಿ ಸ್ಟ್ರಿಪ್‌ಗೆ ಕೊಟ್ಟೆವು, ನಡುವೆ ವೋಲ್ಟೇಜ್ ಹಿಡಿದಿಡೋ ಚಿಕ್ಕ ಬೋರ್ಡ್ ಒಂದು, ಇನ್ನೂರು ಮುನ್ನೂರು ರೂಪಾಯಿಯದು. ಫ್ಯೂಸ್ ಹಾಕೋದು ಮರೀಬೇಡಿ. ಫ್ಲಿಕ್ಕರ್ ಅವತ್ತಿಗೆ ಸತ್ತಿತು. ಕರೆಂಟು ಹೋದರೂ ಕೆಲಸ ನಡೆಯುತ್ತೆ ಅನ್ನೋದು ಮೇಲಿನ ಲಾಭ, ಮಲೆನಾಡಿನವರಿಗೆ ಇದು ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಾ?

ಧ್ವನಿಯ ವಿಷಯಕ್ಕೆ ನಮಗೆ ಅದೃಷ್ಟ ಇತ್ತು. ನನ್ನ ಚಿಕ್ಕಪ್ಪ ತಾಳಮದ್ದಳೆಯ ಅರ್ಥಧಾರಿ. ರಾತ್ರಿಯಿಡೀ ಕೂತಲ್ಲೇ ಕೂತು, ವೇಷ ಇಲ್ಲದೆ, ಕುಣಿತ ಇಲ್ಲದೆ ಬರೀ ಮಾತಲ್ಲಿ ಕೃಷ್ಣನನ್ನೂ ಕೌರವನನ್ನೂ ನಿಲ್ಲಿಸೋ ಜನ ಇವರು. ನಮ್ಮ ಗೊಂಬೆಗಳು ಅಲ್ಲಾಡದೇ ನಿಂತಿರೋದಕ್ಕೆ ಇದಕ್ಕಿಂತ ಒಳ್ಳೆ ಗಂಟಲು ಎಲ್ಲಿ ಸಿಗುತ್ತೆ? ಮೊದಮೊದಲು ಮಂಗನಿಗೆ ವಾಲಿಯ ಗತ್ತು ಬಂದುಬಿಡುತ್ತಿತ್ತು. ‘ಚಿಕ್ಕಪ್ಪ, ಇದು ಸೌತೆಕಾಯಿ ಕದಿಯೋ ಮಂಗ, ಕಿಷ್ಕಿಂಧೆದಲ್ಲ’ ಅಂತ ಹೇಳಿ ಹೇಳಿ ಇಳಿಸಿದೆ. ಬರೆದುಕೊಟ್ಟ ಸಾಲು ಅವರು ಓದೋದೇ ಇಲ್ಲ. ಕಥೆ ಹೇಳಿಬಿಟ್ಟರೆ ತಾವೇ ಮಾತು ಹೊಸೆಯುತ್ತಾರೆ, ಅದರಲ್ಲಿ ಒಳ್ಳೆಯದನ್ನು ನಾನು ಕತ್ತರಿಸಿ ಜೋಡಿಸುತ್ತೇನೆ.

ರೆಕಾರ್ಡಿಂಗ್ ಸ್ಟುಡಿಯೊ ಅಂದರೆ ಹುಲ್ಲಿನ ಅಟ್ಟ. ಸುತ್ತ ಒಣಹುಲ್ಲು ಪೇರಿಸಿ ನಡುವೆ ಮೈಕ್ ಇಟ್ಟರೆ ಗೋಡೆಯ ಪ್ರತಿಧ್ವನಿ ಒಂದು ಚೂರೂ ಇಲ್ಲ. ಚಿಕ್ಕಪ್ಪನಿಗೆ ಹುಲ್ಲಿನ ಧೂಳಿಗೆ ಸೀನು ಬರುತ್ತಿತ್ತು, ಅದಕ್ಕೆ ಹುಲ್ಲಿನ ಮೇಲೆ ಹಳೇ ಕಂಬಳಿ ಹೊದಿಸಿದೆವು. ಜನವರಿ, ಫೆಬ್ರವರಿ ರಾತ್ರಿ ಬಿಟ್ಟರೆ ಬೇರೆ ಕಾಲದಲ್ಲಿ ಆಗೋದಿಲ್ಲ. ಏಪ್ರಿಲ್ ಮೇ ಹೊತ್ತಿಗೆ ಜೀರುಂಡೆ ಶುರು, ಆಮೇಲೆ ಮಳೆ, ಆಮೇಲೆ ಕಪ್ಪೆ.

ಸಂಗೀತಕ್ಕೆ ಒಂದೇ ಮದ್ದಳೆ. ಇದೂ ಸ್ಮಾಲ್‌ಫಿಲ್ಮ್ಸ್ ಬುದ್ಧಿ. ಅವರಿಗೆ ವರ್ನನ್ ಎಲಿಯಟ್ ಅನ್ನೋ ಬಸೂನ್ ವಾದಕ ಇದ್ದ. ಐವರ್‌ನ ಸಂಗೀತ ಕೇಳಿದರೆ ಆ ದಪ್ಪ ಗಂಟಲಿನ ವಾದ್ಯವೇ ಉಗಿಬಂಡಿ ಅನಿಸುತ್ತೆ. ಹತ್ತು ವಾದ್ಯದ ಸದ್ದನ್ನು ಯಂತ್ರದಲ್ಲೇ ಮಾಡಿದ ಸಿಂಥ್ ಟ್ರ್ಯಾಕ್ ಕೊಂಡು ಹಾಕೋದಕ್ಕಿಂತ ಒಂದು ನಿಜವಾದ ವಾದ್ಯ ಸಾಕು.

ಇಲ್ಲಿ ಒಂದು ಅಡ್ಡದಾರಿ ಹಿಡಿದೆವು. ಸ್ಮಾಲ್‌ಫಿಲ್ಮ್ಸ್‌ನ ಕ್ಲ್ಯಾಂಗರ್ಸ್ ನಿಮಗೆ ಗೊತ್ತಿರಬಹುದು. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ, ನವೆಂಬರ್‌ನಲ್ಲಿ ಇದು ಬಿಬಿಸಿಯಲ್ಲಿ ಬಂತು. ಚಂದ್ರನಂಥ ಒಂದು ಪುಟ್ಟ ಗ್ರಹದಲ್ಲಿ ಇರುವ, ಉಲ್ಲನ್ನಿನಿಂದ ಹೆಣೆದ, ಮೂತಿ ಉದ್ದದ ಇಲಿಯಂಥ ಪ್ರಾಣಿಗಳು. ಹೆಣೆದದ್ದು ಫರ್ಮಿನ್ ಹೆಂಡತಿ ಜೋನ್. ಅವು ಮಾತಾಡೋದು ಸೀಟಿಯಲ್ಲಿ. ಕೋಲು ಹಿಂದೆ ಮುಂದೆ ಎಳೆದರೆ ಸ್ವರ ಜಾರೋ ಸೀಟಿ ಇರುತ್ತಲ್ಲ, ಅದು. ಆದರೆ ಪ್ರತಿ ಸೀಟಿಗೂ ಇಂಗ್ಲಿಷಿನಲ್ಲಿ ಪೂರ್ತಿ ಮಾತು ಬರೆದಿಟ್ಟು, ಆ ಮಾತಿನ ಏರಿಳಿತದಲ್ಲೇ ಊದುತ್ತಿದ್ದರು. ಒಂದು ಕಡೆ ಬಾಗಿಲು ಸಿಕ್ಕಿಹಾಕಿಕೊಂಡಾಗ ದೊಡ್ಡ ಕ್ಲ್ಯಾಂಗರ್ ಬೈಯ್ಯೋ ಮಾತು ಬರೆದಿತ್ತು. ಸ್ಕ್ರಿಪ್ಟ್ ನೋಡಿದ ಬಿಬಿಸಿಯವರು ಮಕ್ಕಳ ಕಾರ್ಯಕ್ರಮದಲ್ಲಿ ಹೀಗೆಲ್ಲ ಬೈಯ್ಯೋ ಹಾಗಿಲ್ಲ ಅಂದರಂತೆ. ಅದು ಸೀಟಿಯಲ್ಲಿ ತಾನೇ, ಯಾರಿಗೆ ಗೊತ್ತಾಗುತ್ತೆ! ಬೈಗುಳ ಸೀಟಿಯಾಗಿ ಹಾಗೇ ಉಳಿಯಿತು.

ಆ ಸೀಟಿ ನಮ್ಮಲ್ಲಿ ಸಿಗಲಿಲ್ಲ. ಅರ್ಧ ಇಂಚಿನ ಪಿವಿಸಿ ಪೈಪು, ಹಳೇ ಕೊಡೆಯ ಕಡ್ಡಿ, ತುದಿಗೆ ಹವಾಯಿ ಚಪ್ಪಲಿಯ ರಬ್ಬರನ್ನು ದುಂಡಗೆ ಕತ್ತರಿಸಿ ಕೂರಿಸಿ ಮಾಡಿಕೊಂಡೆವು. ರಬ್ಬರಿಗೆ ಸ್ವಲ್ಪ ತೆಂಗಿನೆಣ್ಣೆ. ಒಂದು ಕಂತಿನಲ್ಲಿ ಕೆಂಬೂತಕ್ಕೆ ಪೂರ್ತಿ ಸೀಟಿಯದೇ ಮಾತು. ನಮ್ಮ ಹವ್ಯಕ ಮಾತಿನ ರಾಗದಲ್ಲಿ ಊದಿದ್ದು. ಆಯಿಗೆ ಕೇಳಿಸಿದೆ. ‘ಅದು ಹಸಿವಾಯ್ತು ಅಂತಾ ಇದ್ದು’ ಅಂದಳು. ಸರಿಯಾಗೇ ಹಿಡಿದಿದ್ದಳು! ಅಂಗನವಾಡಿಯಲ್ಲಿ ಹಾಕಿದಾಗ ಮಕ್ಕಳು ಆ ದಿನವಿಡೀ ಟೀಚರ್‌ಗೆ ಸೀಟಿಯಲ್ಲೇ ಉತ್ತರ ಕೊಟ್ಟರಂತೆ. ಟೀಚರ್ ನನಗೆ ಫೋನ್ ಮಾಡಿ ಬೈದರು. ಆ ಕಂತು ಇಪ್ಪತ್ತಾರರಲ್ಲಿ ಉಳಿದಿದೆ.

ಬೇರೆ ಪ್ರಯೋಗಗಳು ಅಷ್ಟು ಫಲ ಕೊಡಲಿಲ್ಲ. ತೊಗಲುಗೊಂಬೆಯ ಹಾಗೆ ಆಡಿನ ಚರ್ಮ ಹದ ಮಾಡಿಸಿ, ಹಿಂದಿನಿಂದ ಬೆಳಕು ಬಿಟ್ಟು ನೋಡಿದೆವು. ನೋಡೋಕೆ ಬಲು ಚೆಂದ. ಆದರೆ ನಮ್ಮ ಕಡೆಯ ಹವೆಗೆ ಚರ್ಮ ಬೆಳಿಗ್ಗೆ ಮೆತ್ತಗೆ, ಮಧ್ಯಾಹ್ನ ಗಟ್ಟಿ. ಬಯಲುಸೀಮೆಯವರು ಮಾಡಬಹುದು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಕಲ್ಲು ಹೇರಿ ಒಣಗಿಸಿ ಹಿನ್ನೆಲೆಯ ಬಂಡೆ, ಮರದ ಕಾಂಡಗಳನ್ನು ಮಾಡಿದ್ದು ಮಾತ್ರ ತುಂಬಾ ಚೆನ್ನಾಗಿ ಬಂತು. ಅದರ ಮೇಲಿನ ನಾರು ಕ್ಯಾಮೆರಾದಲ್ಲಿ ತೊಗಟೆಯೇ. ಬಣ್ಣವೇ ಬೇಡ. ಉಲ್ಲನ್ನಿನ ಗೊಂಬೆ ಮಾಡೋಕೆ ಅತ್ತಿಗೆಗೆ ಹೇಳಿದೆ, ಒಂದು ಮೊಲ ಹೆಣೆದುಕೊಟ್ಟಳು. ಮುಟ್ಟಿದಾಗಲೆಲ್ಲ ಉಲ್ಲನ್ನಿನ ಕೂದಲು ಕದಲಿ ಮೊಲಕ್ಕೆ ಚಳಿ ಜ್ವರ ಬಂದ ಹಾಗೆ ಕಾಣುತ್ತಿತ್ತು. ಆ ಮೊಲ ಈಗ ಅವಳ ಮಗಳ ಹತ್ತಿರ ಇದೆ.

ಬಣ್ಣದ ವಿಷಯ ಬಂದಾಗ ಬ್ಯಾಗ್‌ಪಸ್ ಬಗ್ಗೆ ಹೇಳದೇ ಇರೋಕಾಗಲ್ಲ. 1974ರಲ್ಲಿ ಬಂದ, ಬಟ್ಟೆಯಲ್ಲಿ ಮಾಡಿದ ಒಂದು ಸೋಮಾರಿ ಬೆಕ್ಕು. ಹದಿಮೂರೇ ಕಂತು ಮಾಡಿದ್ದು. ಬಿಬಿಸಿ ಅದನ್ನೇ ವರ್ಷಗಟ್ಟಲೆ ಮತ್ತೆ ಮತ್ತೆ ಹಾಕಿತು. 1999ರಲ್ಲಿ ಬಿಬಿಸಿ ನಡೆಸಿದ ಮತದಾನದಲ್ಲಿ ಮಕ್ಕಳ ಕಾರ್ಯಕ್ರಮಗಳಲ್ಲೇ ಅದಕ್ಕೆ ಮೊದಲ ಸ್ಥಾನ. ಆ ಬೆಕ್ಕಿನ ಪಟ್ಟೆಗಳು ಕಿತ್ತಳೆ ಬಣ್ಣ ಇರಬೇಕಿತ್ತು. ಬಟ್ಟೆಗೆ ಬಣ್ಣ ಹಾಕುವ ಕಡೆ ಏನೋ ಹೆಚ್ಚುಕಡಿಮೆಯಾಗಿ ಗುಲಾಬಿಯಾಗಿ ಬಂತು. ಹಾಗೇ ಇಟ್ಟುಕೊಂಡರು. ಇವತ್ತು ಆ ಗುಲಾಬಿ ಪಟ್ಟೆ ಇಲ್ಲದ ಬ್ಯಾಗ್‌ಪಸ್‌ನನ್ನು ಯಾರೂ ಕಲ್ಪಿಸಿಕೊಳ್ಳೋಕೆ ಆಗಲ್ಲ. ಆರಂಭದಲ್ಲಿ ಫೋಟೊದಲ್ಲಿ ಬರುವ ಪುಟ್ಟ ಹುಡುಗಿ ಫರ್ಮಿನ್ ಮಗಳು ಎಮಿಲಿಯೇ. ಮನೆಯವರನ್ನೆಲ್ಲ ದುಡಿಸಿಕೊಂಡ ಕಂಪನಿ ಅದು, ನಮ್ಮದರ ಹಾಗೆ.

ಈಗ ದುಡ್ಡು. ನಮ್ಮ ಕೂಲಿ ಬಿಟ್ಟು ಒಟ್ಟು ಖರ್ಚು ನಾಲ್ಕೂವರೆ ಲಕ್ಷದ ಹತ್ತಿರ. ಕ್ಯಾಮೆರಾ, ಕಂಪ್ಯೂಟರು, ಸಾಫ್ಟ್‌ವೇರು, ಮೈಕು, ಕೊಟ್ಟಿಗೆಗೆ ಸೀಲಿಂಗು, ಚಿಕ್ಕಪ್ಪನಿಗೆ ಮತ್ತು ಮದ್ದಳೆಯವರಿಗೆ ಗೌರವಧನ. ಇದೇ 130 ನಿಮಿಷವನ್ನು 3ಡಿಯಲ್ಲಿ ಮಾಡಿಕೊಡಿ ಅಂತ ಬೆಂಗಳೂರಲ್ಲಿ ಕೇಳಿದ್ದೆ. ಕಡಿಮೆ ಅಂದರೂ ನಿಮಿಷಕ್ಕೆ ಐವತ್ತು ಅರವತ್ತು ಸಾವಿರ ಅಂದರು. ಲೆಕ್ಕ ನೀವೇ ಹಾಕಿ.

ಮೊದಲು ಒಂದು ಚಾನೆಲ್‌ಗೆ ಹೋದೆವು. ಹೆಸರು ಬೇಡ. ಎಸಿ ರೂಮಿನಲ್ಲಿ ಕೂರಿಸಿ, ಎರಡು ನಿಮಿಷ ನೋಡಿ, ‘ತುಂಬಾ ಸ್ಲೋ ಸರ್, ಮಕ್ಕಳು ರಿಮೋಟ್ ಒತ್ತುತ್ತಾರೆ’ ಅಂದರು. ಕನ್ನಡದಲ್ಲಿ ಮಕ್ಕಳಿಗೆ ಅಂತಲೇ ಚಿಂಟು ಟಿವಿ ಬಂದದ್ದು 2009ರಲ್ಲಿ, ಅಲ್ಲೂ ಹೆಚ್ಚಿನವು ಡಬ್ ಆದ ಕಾರ್ಟೂನುಗಳು. ಇಲ್ಲೇ ಮಾಡಿದ್ದಕ್ಕೆ ಮಾರುಕಟ್ಟೆ ಇಲ್ಲ ಅನ್ನೋದು ಎಲ್ಲರ ಬಾಯಿಪಾಠ. ಎರಡನೇ ಚಾನೆಲ್ ಹದಿಮೂರು ಕಂತು ತಗೊಂಡಿತು, ಕಂತಿಗೆ ಇಪ್ಪತ್ತು ಸಾವಿರದ ಹಾಗೆ. ಬೆಳಿಗ್ಗೆ ಆರಕ್ಕೆ ಹಾಕಿದರು, ಯಾವ ಮಗು ಎದ್ದಿರುತ್ತೆ? ದುಡ್ಡು ಬರೋಕೆ ಹೆಚ್ಚುಕಡಿಮೆ ಒಂದು ವರ್ಷ. ಅದರಲ್ಲೂ ಟಿಡಿಎಸ್ ಅಂತ, ಕೊಡೋ ಮೊದಲೇ ಮುರಿದುಕೊಳ್ಳೋ ತೆರಿಗೆ, ಹತ್ತು ಪರ್ಸೆಂಟ್ ಹಿಡಿದಿದ್ದರು. ರಿಟರ್ನ್ ಹಾಕಿ ವಾಪಸ್ ತರಿಸಿಕೊಂಡೆವು, ಆದರೆ ಅಷ್ಟು ದಿನ ಆ ದುಡ್ಡು ನಮ್ಮ ಕೈಯಲ್ಲಿ ಇರಲಿಲ್ಲ.

ಯೂಟ್ಯೂಬ್ ನಂಬಿಕೊಂಡು ಕೂರಬೇಡಿ. 2020ರಿಂದ ಮಕ್ಕಳ ವಿಡಿಯೊ ಅಂತ ಗುರುತು ಹಾಕಿದ್ದಕ್ಕೆ ನೋಡುಗರ ಇಷ್ಟ ಹುಡುಕಿ ಹಾಕೋ ಜಾಹೀರಾತು ಬರೋದಿಲ್ಲ. ನಮಗೆ ಅಲ್ಲಿಂದ ಒಟ್ಟು ಬಂದದ್ದು ಹನ್ನೊಂದೋ ಹನ್ನೆರಡೋ ಸಾವಿರ. ನಿಜವಾದ ದುಡ್ಡು ಬಂದದ್ದು ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಿಗೆ ಸಾಮಗ್ರಿ ಒದಗಿಸೋ ಒಂದು ಸಂಸ್ಥೆಯಿಂದ. ಇಪ್ಪತ್ತಾರೂ ಕಂತು, ಮೂರು ವರ್ಷಕ್ಕೆ, ಮೂರೂವರೆ ಲಕ್ಷ. ಅಮೆರಿಕದ ಎರಡು ಮೂರು ಕನ್ನಡ ಕೂಟಗಳು ತಮ್ಮ ಕನ್ನಡ ಕಲಿಸೋ ತರಗತಿಗೆ ತಗೊಂಡವು, ಅದು ಐವತ್ತು ಸಾವಿರದ ಒಳಗೆ. ಗಮನಿಸಿ, ಯಾರಿಗೂ ಹಕ್ಕು ಮಾರಿಲ್ಲ. ಬಾಡಿಗೆ ಕೊಟ್ಟದ್ದು ಅಷ್ಟೇ. ಚಾನೆಲ್‌ನವರು ಪೂರ್ತಿ ಹಕ್ಕು ಬರೆದುಕೊಟ್ಟರೆ ಎರಡರಷ್ಟು ಕೊಡುತ್ತೇವೆ ಅಂದಿದ್ದರು. ಮೇಷ್ಟ್ರು ಒಂದೇ ಮಾತಿಗೆ ‘ಬೇಡ’ ಅಂದರು.

ಆ ‘ಬೇಡ’ಕ್ಕೂ ಸ್ಮಾಲ್‌ಫಿಲ್ಮ್ಸ್ ಕಥೆಯೇ ಕಾರಣ. 1980ರ ದಶಕದ ನಡುವಿನ ಹೊತ್ತಿಗೆ ಅವರ ಕೆಲಸಕ್ಕೆ ಕೇಳುವವರು ಇಲ್ಲದಂತಾಯಿತು. ವೇಗ ಬೇಕು, ಗದ್ದಲ ಬೇಕು ಅನ್ನೋ ಕಾಲ ಬಂತು. ನಮಗೆ ಚಾನೆಲ್‌ನವರು ಹೇಳಿದ್ದೇ ಮಾತು! ಪೋಸ್ಟ್‌ಗೇಟ್ 2008ರಲ್ಲಿ ಹೋದ. ಆದರೆ 2015ರಲ್ಲಿ ಕ್ಲ್ಯಾಂಗರ್ಸ್ ಮತ್ತೆ ಬಂತು, ಅದೂ ಸ್ಟಾಪ್ ಮೋಷನ್‌ನಲ್ಲೇ, ಉಲ್ಲನ್ನಿನಲ್ಲೇ, ಸೀಟಿಯಲ್ಲೇ. ಪೋಸ್ಟ್‌ಗೇಟ್ ಮಗ ಡ್ಯಾನಿಯಲ್, ವಯಸ್ಸಾದ ಫರ್ಮಿನ್ ಇಬ್ಬರೂ ಅದರಲ್ಲಿ ಕೈ ಹಾಕಿದ್ದರು. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. ಫರ್ಮಿನ್ 2018ರಲ್ಲಿ ತೀರಿಕೊಂಡ. ಗೊಂಬೆಗಳ ಹಕ್ಕು ತಮ್ಮ ಕೈಯಲ್ಲೇ ಇದ್ದದ್ದರಿಂದ ಆದದ್ದು ಇದು.

ನಿಧಾನ ಅಂದವರಿಗೆ ಮೇಷ್ಟ್ರು ಇನ್ನೊಂದು ಕಥೆ ಹೇಳುತ್ತಾರೆ. ಅವರು ಹುಡುಗರಾಗಿದ್ದಾಗ ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿದ್ದರು. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೊದವರು ನಾಸಾದ ಉಪಗ್ರಹ ಬಳಸಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರಲ್ಲ, ಸೈಟ್ ಅಂತ, ಅದರಲ್ಲಿ ಕರ್ನಾಟಕದ್ದು ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳು. ಕೋಳಿ ಬಲೆಯಂಥ ತಂತಿ ಜಾಲರಿಯ ದೊಡ್ಡ ಆಂಟೆನಾ, ಊರಿಗೆ ಒಂದೇ ಟಿವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲೇ ಕಾರ್ಯಕ್ರಮ. ‘ಕಪ್ಪು ಬಿಳುಪು, ಅದೂ ಮಸುಕು. ಯಾರೋ ಒಬ್ಬರು ಕೂತು ಹೇಳೋರು. ಒಬ್ಬ ಹುಡುಗನೂ ಅಲ್ಲಾಡ್ತಿರಲಿಲ್ಲ’ ಅನ್ನುತ್ತಾರೆ. ಚಾನೆಲ್‌ನವರ ಎದುರೂ ಇದನ್ನು ಹೇಳಿದ್ದರು. ಅವರು ಟೀ ತರಿಸಿದರು, ಅಷ್ಟೇ.

ಈಗ ಮಳೆಗಾಲ. ಮೇಷ್ಟ್ರು ಎರಡನೇ ಸರಣಿಗೆ ಪ್ಲೈವುಡ್ ಮೇಲೆ ಹಿನ್ನೆಲೆ ಬರೆಯುತ್ತಿದ್ದಾರೆ, ಈ ಸಲ ಸಂಕ ಬಿಟ್ಟು ಒಂದು ಅಂಗಡಿ ಜಗಲಿ. ನಾನು ಕಥೆ ಬರೆಯುತ್ತಿದ್ದೇನೆ, ಚಿಕ್ಕಪ್ಪ ಬದಲಾಯಿಸೇ ಬದಲಾಯಿಸುತ್ತಾರೆ ಅಂತ ಗೊತ್ತಿದ್ದೂ. ಹೋದ ವಾರ ಮೊದಲ ಚಾನೆಲ್‌ನಿಂದಲೇ ಫೋನ್ ಬಂತು, ‘ಆ ರಟ್ಟಿನದು ಇನ್ನೂ ಇದೆಯಾ ಸರ್?’ ಅಂತ. ನಿಮಿಷಕ್ಕೆ ಒಂಬತ್ತು ಸಾವಿರ, ಹಕ್ಕು ನಮ್ಮದು, ಸಂಜೆ ಐದರ ನಂತರದ ಸ್ಲಾಟು, ಅರ್ಧ ದುಡ್ಡು ಮುಂಗಡ ಅಂತ ಬರೆದು ಕಳಿಸಿದ್ದೇವೆ. ಅವರು ಏಳು ಸಾವಿರಕ್ಕೆ ನಿಂತಿದ್ದಾರೆ. ಮೇಷ್ಟ್ರು ಎಂಟೂವರೆಗಿಂತ ಕೆಳಗೆ ಇಳಿಯಬೇಡ ಅಂದಿದ್ದಾರೆ.